ಏಳನೇ ಹೆಜ್ಜೆ

ನನ್ನ ಪುಸ್ತಕದ ನೂರಾ ಹದಿನಾಲ್ಕನೇ ಪುಟದಲ್ಲಿ
ಒಂದು ಉಂಬಳವಿದೆ.
ಮೂರು ಮುದ್ರಣ ಕಂಡರೂ ಯಾರೂ ಕಿತ್ತೆಸೆಯಲಿಲ್ಲ,
ಉಪ್ಪು ಸವರಲಿಲ್ಲ.
ಮುನ್ನುಡಿ ಬರೆದ ಹಿರಿಯರಂತೂ
ಅದೇ ಪುಟವನ್ನು ವಿಶೇಷವಾಗಿ ಮೆಚ್ಚಿಕೊಂಡಿದ್ದಾರೆ.

ಎಂಬತ್ತೊಂದರ ಆಷಾಢ. ಕೂರನಬೈಲಿನ ಹಸಲರ ಕೇರಿ.
ಹೊಸನಗರದಲ್ಲಿ ಬಸ್ಸಿಳಿದು, ಎರಡು ಹಳ್ಳ ದಾಟಿ,
ಟೇಪ್ ರೆಕಾರ್ಡರನ್ನು ಕೂಸಿನ ಹಾಗೆ
ಸೆರಗಿನೊಳಗೆ ಸುತ್ತಿಕೊಂಡು ಹೋಗಿದ್ದೆ.
'ಕೂಸು ಅಳೂದೇ ಇಲ್ವಲ್ಲ' ಎಂದು ದುಗ್ಗಿ ಇಣುಕಿದಳು.
ಅಂದಿನಿಂದ ಆ ಕೇರಿಗೆ ನಾನು ಟೇಪಿನಮ್ಮ.

ಬೂದ್ಯ ಡೋಲನ್ನು ಒಲೆಗೆ ಹಿಡಿದು ಕಾಯಿಸಿ ಕಾಯಿಸಿ ಬಡಿದ.
ದುಗ್ಗಿ ಕುಣಿದಳು.
ನಾನು ಕಂಬಕ್ಕೊರಗಿ ಹಾಳೆಯ ಮೇಲೆ ಪಾದ ಬರೆದೆ:
ಎಡ, ಬಲ, ಎಡಕ್ಕೆ ಅರ್ಧ, ಬಾಗು, ತಟ್ಟು, ಹಿಂದೆ.
ಕೊನೆಯ ಸುತ್ತಿನಲ್ಲಿ ಮಾತ್ರ ಏಳನೆಯದೊಂದು ಕಂಡಿತು,
ಬಲಗಾಲು ಪಕ್ಕಕ್ಕೆ ಚಾಚಿ ಒಂದು ಕೊಡವು.
ಅಷ್ಟೂ ಹೊತ್ತು ಹೊಗೆಯಲ್ಲಿ ನನ್ನ ಕಣ್ಣೇ
ತಪ್ಪಿತ್ತೆಂದುಕೊಂಡು
ಎಲ್ಲ ಸುತ್ತಿಗೂ ಏಳು ಎಂದು ತಿದ್ದಿದೆ.
ಕೆಳಗೊಂದು ಟಿಪ್ಪಣಿ:
'ಕೆಡುಕನ್ನು ಕೇರಿಯಾಚೆ ಎಸೆಯುವ ಸಂಕೇತವಿರಬಹುದು.'
ಎರಡನೇ ಮುದ್ರಣದಲ್ಲಿ 'ಬಹುದು' ಬಿದ್ದುಹೋಗಿ
ಬರೀ 'ಸಂಕೇತ' ಉಳಿಯಿತು.

ಆಮೇಲೆ ನಾನೂ ಗೆಜ್ಜೆ ಕಟ್ಟಿದೆ.
ಶಿವಮೊಗ್ಗದ ಕಾಲೇಜಿನ ಮಹಡಿಯಲ್ಲಿ ಬೆಂಚು ಸರಿಸಿ
ಮೂವತ್ತಾರು ವರ್ಷ ಕಲಿಸಿದೆ.
ದೆಹಲಿಯ ಚಳಿಯಲ್ಲಿ ನಲವತ್ತು ಹುಡುಗಿಯರು
ಒಟ್ಟಿಗೇ ಬಲಗಾಲು ಕೊಡವಿದಾಗ ಎಂಥ ಚಪ್ಪಾಳೆ!
ಇತ್ತ ಮನೆಯಲ್ಲಿ ಮುನ್ನೂರ ಹನ್ನೆರಡು ಕ್ಯಾಸೆಟ್ಟು.
ಮಳೆಗಾಲ ಬಂದರೆ ಬೂಷ್ಟು.
ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಬಲ್ಬಿನ ಕೆಳಗೆ ಹರವಿ,
ಕೋಳಿಮರಿ ಸಾಕಿದ ಹಾಗೆ ಸಾಕಿದೆ.
ಅನ್ನದಲ್ಲಿ ಟೇಪಿನ ವಾಸನೆ ಎಂದು ಮನೆಯವರು
ಒಂದೇ ಒಂದು ಸಲ ಅಂದದ್ದು, ಪಾಪ.

ಈ ವರ್ಷ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತಿದ್ದ ಹುಡುಗ
ಕಿವಿಯಿಂದ ಹೆಡ್‌ಫೋನ್ ತೆಗೆದು ಕೊಟ್ಟ.
'ಮೇಡಂ, ಇಲ್ಲೇನೋ ಮಾತಿದೆ.'
ಒಂಬತ್ತನೇ ಕ್ಯಾಸೆಟ್ಟು, ಹಿಂಬದಿ. ಗೊರಗೊರ ತೊಳೆದುಹೋಗಿ
ಸ್ವಚ್ಛವಾಗಿ ಕೇಳಿತು:
ಡೋಲು ಒಂದು ಪೆಟ್ಟು ತಪ್ಪುತ್ತದೆ,
'ಥೂ, ಉಂಬ್ಳ!' ಎನ್ನುತ್ತಾಳೆ ದುಗ್ಗಿ,
ಬೂದ್ಯ ನಗುತ್ತಾನೆ,
ಮತ್ತೆ ಎಡ, ಬಲ.

ನಲವತ್ತು ವರ್ಷ ಹಾಡನ್ನಷ್ಟೇ ಹುಡುಕಿದ ಕಿವಿ ನನ್ನದು.

ಕೂರನಬೈಲಿಗೆ ಈಗ ಟಾರು ರಸ್ತೆ. ದುಗ್ಗಿ ಹೋಗಿ ಹದಿನೆಂಟು ವರ್ಷ.
ಮೊಮ್ಮಗಳು ಜಲಜ ಆಶ್ರಮಶಾಲೆಯಲ್ಲಿ ಅಡುಗೆಗಿದ್ದಾಳೆ,
ಸಂಜೆ ಅಂಗಳದಲ್ಲಿ ಮಕ್ಕಳಿಗೆ ಕುಣಿತ ಹೇಳಿಕೊಡುತ್ತಾಳೆ.
ಏಳು ಹೆಜ್ಜೆ.
ಅಜ್ಜಿಗೆ ಆರೇ ಇತ್ತಲ್ಲ ಎಂದೆ.
'ಇತ್ತು. ನಿಮ್ಮ ಪುಸ್ತಕದಲ್ಲಿ ಏಳು ಇದೆಯಲ್ಲಮ್ಮ,
ನಾವೇ ಮರೆತೆವು ಅಂದುಕೊಂಡೆವು.'

ಉತ್ತರ ಹೊಳೆಯದೆ ಮೊಬೈಲು ತೆಗೆದು ಕೇಳಿಸಿದೆ.
ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ.
ಇನ್ನೊಮ್ಮೆ ಹಾಕಿ ಎಂದಳು. ಇನ್ನೊಮ್ಮೆ.
'ಹಾಡಿದ್ದು ಊರಿಗೆಲ್ಲ ಗೊತ್ತು.
ಬೈದದ್ದು ನಮಗೊಬ್ಬರಿಗೇ ಗೊತ್ತಿತ್ತು.'

ಅಷ್ಟರಲ್ಲಿ ಹಲ್ಲು ಬಿದ್ದ ಒಂದು ಪೋರಿ
ಏಳನೆಯದಕ್ಕೆ ಕಾಲು ಕೊಡವಿ
'ಥೂ, ಉಂಬ್ಳ!' ಎಂದು ಕಿರುಚಿತು.
ಎರಡನೇ ಸುತ್ತಿಗೆ ಎಲ್ಲವೂ ಕಿರುಚಿದವು.
ಡೋಲಿನ ಹುಡುಗ, ಯಾರೂ ಹೇಳದೆ,
ಅಲ್ಲೊಂದು ಪೆಟ್ಟು ಬಿಟ್ಟ.

ನಾಲ್ಕನೇ ಮುದ್ರಣದ ಕರಡು ಮೇಜಿನ ಮೇಲಿದೆ.
ಆರು ಎನ್ನಲೋ ಏಳೆನ್ನಲೋ ತಿಳಿಯದೆ
ಮೂರು ದಿನದಿಂದ ಅದೇ ಪುಟ ತೆರೆದಿಟ್ಟಿದ್ದೇನೆ.
ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದೇನೆ.
ಮೊದಲು
ಬಿದ್ದುಹೋದ ಆ 'ಬಹುದು' ವಾಪಸು ಹಾಕಬೇಕು.